ಗೋಡೆಯಾಚೆಯ ಬೇಸಿನ್ನು

ನನ್ನ ಅಕ್ಕ ಬದುಕಿದ್ದಾಳೆ ಎಂಬ ಸುದ್ದಿ ನನಗೆ ದಿನಾ ಬೆಳಿಗ್ಗೆ ಬೇಸಿನ್ನಿನ ತೂತಿನಿಂದ ಬರುತ್ತಿತ್ತು. ನಗು ಬಂದರೆ ನಕ್ಕುಬಿಡಿ. ಗೋಣಿಕೊಪ್ಪಲಿನ ಹೊರಗೆ ನಾವು ಕಟ್ಟಿಸಿಕೊಂಡ ಈ ಮನೆಯಲ್ಲಿ ಯಾರಾದರೂ ನಕ್ಕು ಬಹಳ ಕಾಲವಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ನಾನು ಬಚ್ಚಲಿನ ಬಾಗಿಲಿಗೆ ಒರಗಿ ನಿಲ್ಲುವುದು. ಗೋಡೆಯ ಆಚೆ ಅಕ್ಕ ಬಾಯಿ ಮುಕ್ಕಳಿಸಿ ನೀರು ಬಿಡುವುದು. ಈಚೆ ಆ ಹೊತ್ತಿಗೆ ಯಾರೂ ಮುಟ್ಟದ ನನ್ನ ಬೇಸಿನ್ನು ಗುಳುಗುಳು ಎನ್ನುವುದು. ಅದು ಕೇಳಿದ ಮೇಲೆಯೇ ನನ್ನ ಕಾಫಿ ಗಂಟಲಿನಲ್ಲಿ ಇಳಿಯುತ್ತಿತ್ತು.

ಬಚ್ಚಲಿನ ನಡುವೆ ಗೋಡೆ ಯಾಕೆ ಬಂತು ಎಂದು ನೀವು ಕೇಳಿಯೇ ಕೇಳುತ್ತೀರಿ. ಅಕ್ಕ ಶಾಲೆಯಲ್ಲಿ ಟೀಚರಾಗಿದ್ದವಳು, ನಾನು ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕದ ಧೂಳು ಹೊಡೆದವಳು. ಅವಳ ಗಂಡ ತೀರಿಕೊಂಡಿದ್ದರು, ನನಗೆ ಗಂಡ ಎನ್ನುವವನೇ ಇರಲಿಲ್ಲ. ಇಬ್ಬರೂ ನಿವೃತ್ತರಾದ ಮೇಲೆ ಅಪ್ಪನ ಜಾಗದಲ್ಲಿ ಒಟ್ಟಿಗೆ ಇರುವುದೆಂದು ತೀರ್ಮಾನಿಸಿದೆವು. ಮನೆ ಕಟ್ಟಿಸುವ ಹೊತ್ತಿನಲ್ಲಿ ಕಕ್ಕಬೆಯ ಒಂದು ಹೋಮ್‌ಸ್ಟೇಗೆ ಯಾರದೋ ಮದುವೆ ನೆಪದಲ್ಲಿ ಹೋಗಿದ್ದೆವು. ಅಲ್ಲಿನ ಬಾತ್‌ರೂಮಿನಲ್ಲಿ ಒಂದೇ ಗ್ರಾನೈಟ್ ಹಲಗೆಯ ಮೇಲೆ ಎರಡು ಬೇಸಿನ್ನುಗಳಿದ್ದವು. ಅಕ್ಕ ಅದನ್ನು ನೋಡಿ ಮರುಳಾದಳು. ‘ನಾವೂ ಹೀಗೇ ಮಾಡುವ. ಸಣ್ಣದಿರುವಾಗ ಬಾವಿಕಟ್ಟೆ ಹತ್ರ ನಿಂತು ಒಟ್ಟಿಗೆ ಹಲ್ಲುಜ್ಜುತಾ ಇದ್ದೆವಲ್ಲ, ಹಾಗೆ’ ಎಂದಳು. ಅಕ್ಕ ಯಾವುದಕ್ಕಾದರೂ ಆಸೆಪಟ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ. ನಮ್ಮ ಇಬ್ಬರ ಕೋಣೆಗಳ ನಡುವೆ ಒಂದು ಉದ್ದನೆಯ ಬಚ್ಚಲು, ಅದರಲ್ಲಿ ಜೋಡಿ ಬೇಸಿನ್ನು ಬಂದವು.

ಜಗಳವಾದದ್ದು ಹಲಸಿನ ಮರದ ವಿಷಯಕ್ಕೆ. ಅಪ್ಪ ನೆಟ್ಟ ಮರ, ಮನೆಯ ಕಡೆಗೆ ವಾಲಿತ್ತು. ಮಳೆಗೆ ಮುಂಚೆ ಕಡಿಸಬೇಕೆಂದು ಅವಳು, ಕೂಡದೆಂದು ನಾನು. ನಾನು ಮಡಿಕೇರಿಗೆ ಹೋಗಿದ್ದ ದಿನ ಅವಳು ಆಳು ಕರೆಸಿ ಕಡಿಸಿಯೇಬಿಟ್ಟಳು. ವಾಪಸು ಬಂದು ನೋಡಿದಾಗ ನನಗಾದ ಸಂಕಟವನ್ನು ಈಗ ಬರೆಯಲು ಹೋದರೆ ಅದು ಇನ್ನೊಂದು ಪ್ರಬಂಧವಾದೀತು. ಆಡಬಾರದ್ದನ್ನು ಇಬ್ಬರೂ ಆಡಿದೆವು. ಆ ಮಳೆಗಾಲದಲ್ಲಿ ಸುತ್ತಮುತ್ತ ಮರ ಬಿದ್ದು ಹಂಚು ಹೋದ ಮನೆಗಳನ್ನು ನೋಡುವಾಗ ಅಕ್ಕ ಮಾಡಿದ್ದು ಸರಿ ಎಂದೂ ಅನ್ನಿಸಿತು. ಸರಿಯಾದದ್ದನ್ನು ಮಾಡಿದವರ ಮೇಲಿನ ಸಿಟ್ಟು ಬೇಗ ಇಳಿಯುವುದಿಲ್ಲ ನೋಡಿ. ಮನೆ ಎರಡಾಯಿತು. ಅವಳಿಗೆ ಹಿಂದಿನ ಬಾಗಿಲು, ನನಗೆ ಮುಂದಿನ ಬಾಗಿಲು. ಬಚ್ಚಲಿನ ನಡುವೆ, ಗ್ರಾನೈಟಿನ ಸರಿಯಾಗಿ ಮಧ್ಯಕ್ಕೆ, ಮೇಸ್ತ್ರಿ ಒಂದು ಇಟ್ಟಿಗೆಯ ಗೋಡೆ ಎಬ್ಬಿಸಿದ. ಅಡಿಯಲ್ಲಿದ್ದ ಡ್ರೈನ್ ಪೈಪು ಮಾತ್ರ ಒಂದೇ ಉಳಿಯಿತು. ಅದನ್ನು ಪಾಲು ಮಾಡುವುದು ಯಾರಿಗೂ ಹೊಳೆಯಲಿಲ್ಲ.

ಇನ್ನು ಪೈಪಿನ ಶಾಸ್ತ್ರ. ಲೈಬ್ರರಿಯಲ್ಲಿ ಯಾರೂ ಕೇಳದ ಕಪಾಟಿನಲ್ಲಿ ಪ್ಲಂಬಿಂಗ್ ಪುಸ್ತಕವೊಂದಿತ್ತು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅದನ್ನು ನಾನು ಕಾದಂಬರಿಯ ಹಾಗೆ ಓದಿದ್ದೇನೆ. ಪ್ರತಿ ಬೇಸಿನ್ನಿನ ಕೆಳಗೂ ಪೈಪು ಒಮ್ಮೆ ಬಾಗಿರುತ್ತದೆ. ಆ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು. ಮನೆಗೂ ಕೊಳಚೆ ಗುಂಡಿಯ ನಾತಕ್ಕೂ ನಡುವೆ ಇರುವ ಬಾಗಿಲು ಆ ನೀರೇ. ಜೋಡಿ ಬೇಸಿನ್ನುಗಳಾದರೆ ಎರಡಕ್ಕೂ ಬೇರೆ ಬೇರೆ ಬಾಗು ಇಟ್ಟು, ಆಮೇಲೆ ಒಂದೇ ಪೈಪಿಗೆ ಸೇರಿಸಿ, ಆ ಪೈಪನ್ನು ಮೇಲಕ್ಕೂ ಎಳೆದು ಸೂರಿನ ಆಚೆ ಆಕಾಶಕ್ಕೆ ಬಾಯಿ ತೆರೆದು ಬಿಡಬೇಕು. ಅದು ಗಾಳಿಯ ಕೊಳವೆ, ವೆಂಟ್ ಪೈಪು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ತಡವರಿಸುತ್ತದೆಂದು ನಾವು ಇನ್ನೊಂದು ತೂತು ಹೊಡೆಯುವುದಿಲ್ಲವೇ, ಹಾಗೆಯೇ ಇದು. ಕೆಳಗಿಳಿಯುವ ನೀರಿಗೆ ಹಿಂದಿನಿಂದ ಗಾಳಿ ಬೇಕು. ಮೇಲಿಂದ ಸಿಗದಿದ್ದರೆ ಅದು ಪಕ್ಕದ ಬೇಸಿನ್ನಿನ ಬಾಗಿನಿಂದ ಎಳೆದುಕೊಳ್ಳುತ್ತದೆ. ಆಗ ಅಲ್ಲಿ ಗುಳುಗುಳು ಸದ್ದು, ಸ್ವಲ್ಪಸ್ವಲ್ಪವೇ ನೀರು ಬತ್ತಿ ಆಮೇಲೆ ನಾತ. ಒಬ್ಬರು ಸುಮ್ಮನೆ ತಮ್ಮ ಪಾಡಿಗೆ ಕೈ ತೊಳೆದುಕೊಂಡರೂ ಪಕ್ಕದವರ ಮನೆ ನಾರುತ್ತದೆ.

ಇಷ್ಟೆಲ್ಲ ಓದಿದ್ದ ನಾನೇ ವೆಂಟ್ ಪೈಪಿನ ಬಾಯಿ ಮುಚ್ಚಿಸಿದೆ. ನಮ್ಮ ಕೊಡಗಿನವರಿಗೆ ಜೂನ್ ಬಂತೆಂದರೆ ಒಂದು ರೋಗ ಹಿಡಿಯುತ್ತದೆ. ಆಕಾಶಕ್ಕೆ ಬಾಯಿ ತೆರೆದದ್ದು ಏನು ಕಂಡರೂ ಮುಚ್ಚುವುದು. ಸೌದೆಗೆ ಟಾರ್ಪಾಲು, ಸ್ಕೂಟರಿಗೆ ಟಾರ್ಪಾಲು, ಗೊಬ್ಬರದ ಗುಂಡಿಗೂ ಟಾರ್ಪಾಲು. ಗೋಡೆ ಬಂದ ವರ್ಷದ ಮಳೆಯಲ್ಲಿ ಆ ಪೈಪಿನೊಳಗೆ ಗಾಳಿ ಊಳಿಡುತ್ತಿತ್ತು, ಒಂಟಿಯಾಗಿ ಮಲಗಿದವಳಿಗೆ ಅದನ್ನು ಕೇಳಲಾಗುತ್ತಿರಲಿಲ್ಲ. ಮಲಯಾಳಿ ಪ್ಲಂಬರ್ ಶಾಜಿಯನ್ನು ಕರೆಸಿ ಮುಚ್ಚೆಂದೆ. ಅವನಿಗೂ ಅದೇ ರೋಗ. ‘ತೆರೆದಿಟ್ಟದ್ದೇ ತಪ್ಪು ಚೇಚಿ, ಈ ಮಳೆಗೆ ಸೆಪ್ಟಿಕ್ ಟ್ಯಾಂಕೆಲ್ಲ ತುಂಬ್ತದೆ’ ಎನ್ನುತ್ತ ಕ್ಯಾಪ್ ಹಾಕಿ ಸೊಲ್ಯೂಷನ್ ಬಳಿದು ಇಳಿದ. ಬೇಸಿನ್ನು ಮಾತಾಡಲು ಶುರುಮಾಡಿದ್ದು ಅದರ ಮರುದಿನದಿಂದ. ಕಾರಣ ನನಗೆ ಆಗಲೇ ಗೊತ್ತಾಯಿತು. ಬೇಸಗೆಯಲ್ಲಿ ತೆಗೆಸಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಅಕ್ಕನಿಗೆ ಎದೆನೋವು ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಕಳಿಸಿದರು. ಒಬ್ಬರೇ ಇರಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಈ ಮಾತು ನನಗೆ ಮುಟ್ಟಿದ್ದು ಲೀಲಾಳಿಂದ. ಅವಳು ಎರಡೂ ಕಡೆ ಕೆಲಸ ಮಾಡುವವಳು, ಪೈಪಿನ ಹಾಗೆ ಅವಳೂ ಪಾಲಾಗದೆ ಉಳಿದಿದ್ದಳು. ಆವತ್ತಿನಿಂದ ನನಗೆ ಬೇರೆ ಭಯ ಹಿಡಿಯಿತು. ಲೀಲಾ ಬರುವುದು ಹೊತ್ತೇರಿದ ಮೇಲೆ. ಬೆಳಗಿನ ಜಾವ ಅಕ್ಕ ಬಚ್ಚಲಿನಲ್ಲಿ ಬಿದ್ದರೆ ಯಾರಿಗೆ ಗೊತ್ತಾಗಬೇಕು? ಹೋಗಿ ಬಾಗಿಲು ತಟ್ಟಲು ನನಗೆ ಮುಖವಿರಲಿಲ್ಲ. ಗುಳುಗುಳು ಸದ್ದೊಂದೇ ಗತಿಯಾಯಿತು. ಬೇಸಗೆ ಬಂತು, ಹೋಯಿತು. ಕ್ಯಾಪು ತೆಗೆಸಲಿಲ್ಲ.

ನಾತ ಸುಮ್ಮನಿರಬೇಕಲ್ಲ. ನನ್ನ ಕಡೆಯದ್ದಕ್ಕೆ ಚೊಂಬು ನೀರು ಸುರಿದು ಸುಧಾರಿಸಿಕೊಳ್ಳುತ್ತಿದ್ದೆ. ಅಕ್ಕನಿಗೆ ಈ ಉಪಾಯ ಯಾರು ಹೇಳಬೇಕು? ಒಂದು ದಿನ ಲೀಲಾ ಪಾತ್ರೆ ಉಜ್ಜುತ್ತ ಹೇಳಿದಳು: ‘ದೊಡ್ಡಕ್ಕ ಊಟ ಬಿಟ್ಟಿದ್ದಾರೆ ಅಕ್ಕ. ಕೋಣೆಯೊಳಗೆಲ್ಲ ನಾತ, ಅನ್ನ ನೋಡಿದ್ರೆ ವಾಂತಿ ಬರ್ತದೆ ಅಂತಾರೆ. ಬರೀ ರಸ್ಕು ತಿಂದು ಮಾತ್ರೆ ನುಂಗೋದು. ಸೊರಗಿ ಹೋಗಿದ್ದಾರೆ.’

ನಾನು ಒಳಗೆ ಹೋಗಿ ಕೂತೆ. ಅವಳು ಬದುಕಿದ್ದಾಳೋ ಇಲ್ಲವೋ ತಿಳಿಯಲೆಂದು ಇಟ್ಟುಕೊಂಡದ್ದೇ ಅವಳನ್ನು ತಿನ್ನುತ್ತಿತ್ತು. ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಶಾಜಿಗೆ ಫೋನು ಮಾಡಿದೆ. ‘ಮಳೆ ಕಳೀಲಿ ಚೇಚಿ, ಈಗ ಯಾಕೆ ಅರ್ಜೆಂಟು?’ ಎಂದ. ಈಗಲೇ ಬಾ ಎಂದು ಗದರಿಸಿದೆ. ಅವನು ಜರ್ಕಿನ್ ತೊಟ್ಟು ಹತ್ತಿ, ಕ್ಯಾಪಿನ ಸಮೇತ ಪೈಪಿನ ತುದಿ ಕೊಯ್ದು, ಹುಳು ಹೋಗದಂತೆ ಬಾಯಿಗೆ ಜಾಲರಿ ಸಿಕ್ಕಿಸಿ, ಗೊಣಗುತ್ತಲೇ ಇಳಿದ. ನಾನು ಬೇಸಿನ್ನಿಗೆ ನೀರು ಬಿಟ್ಟು ನೋಡಿದೆ. ಯಾವ ತಕರಾರೂ ಇಲ್ಲದೆ ಇಳಿಯಿತು. ಆಚೆಯ ಬೇಸಿನ್ನಿಗೂ ನೀರು ಬಿಡು ಎಂದು, ಯಾಕೆಂದು ಹೇಳದೆ, ಲೀಲಾಳನ್ನು ಕಳಿಸಿದೆ. ನನ್ನ ಕಡೆ ಒಂದು ಗುಳ್ಳೆಯೂ ಏಳಲಿಲ್ಲ. ಶಾಸ್ತ್ರಪ್ರಕಾರ ಎಲ್ಲವೂ ಸರಿಯಾಗಿತ್ತು.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಅದೇ ಜಾಗದಲ್ಲಿ ನಿಂತೆ. ಸದ್ದಿಲ್ಲ. ಇನ್ನು ಸದ್ದು ಬರುವುದಿಲ್ಲವೆಂದು ಬುದ್ಧಿಗೆ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ. ಕಾಫಿ ಆರಿತು. ಅದರ ಮೇಲೆ ಕೆನೆ ಕಟ್ಟಿತು. ಗೋಡೆಗೆ ಕಿವಿಯಿಟ್ಟೆ, ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಗೆ ಕೊಡೆ ಹುಡುಕುವ ತಾಳ್ಮೆಯೂ ಇಲ್ಲದೆ ತಲೆಗೆ ಟವೆಲು ಹಾಕಿಕೊಂಡು ಮನೆಯನ್ನು ಸುತ್ತಿ ಹಿಂದಿನ ಬಾಗಿಲಿಗೆ ಹೋದೆ.

ತಟ್ಟಲು ಕೈ ಎತ್ತಿದ್ದೆ, ಬಾಗಿಲು ತಾನಾಗಿ ತೆರೆಯಿತು. ಎದುರಿಗೆ ಅಕ್ಕ. ಸ್ವೆಟರಿನ ಗುಂಡಿ ಮೇಲೆ ಕೆಳಗಾಗಿದೆ, ಒಂದು ಕಾಲಿಗೆ ಚಪ್ಪಲಿ ಇದೆ, ಇನ್ನೊಂದಕ್ಕಿಲ್ಲ, ಕೈಯಲ್ಲಿ ಕೊಡೆ. ನಿಜಕ್ಕೂ ಸೊರಗಿದ್ದಳು. ನನ್ನನ್ನು ನೋಡಿ ಚೌಕಟ್ಟು ಹಿಡಿದುಕೊಂಡಳು.

‘ಎಂತ ಆಯ್ತೇ ನಿಂಗೆ?’ ಎಂದಳು, ಬೈಯುವ ಧ್ವನಿಯಲ್ಲಿ.

‘ಎಂತ ಇಲ್ಲ. ಯಾಕೆ?’

‘ಬೇಸಿನ್ನಲ್ಲಿ ಸದ್ದೇ ಬರ್ಲಿಲ್ಲ. ದಿನಾ ನೀನು ಮುಖ ತೊಳೆಯುವಾಗ ನನ್ನ ಕಡೆ ಗುಳುಗುಳು ಅಂತಿತ್ತು. ಇವತ್ತು ಕಾದು ಕಾದು... ಬಿದ್ದುಗಿದ್ದೆಯೋ ಅಂತ ಬರ್ತಿದ್ದೆ.’

ಮಳೆ ಸುರಿಯುತ್ತಿತ್ತು. ‘ಪೈಪು ಸರಿ ಮಾಡಿಸಿದೆ’ ಎಂದೆ.

‘ನಿಂಗೆ ಬೇರೆ ಕೆಲಸ ಇಲ್ಲ’ ಎಂದಳು ಅಕ್ಕ. ಆಮೇಲೆ, ‘ಒಳಗೆ ಬಾ, ನೆನೀಬೇಡ’ ಎಂದಳು.

ಎಲ್ಲವೂ ಸರಿಹೋಯಿತೆಂದು ನೀವು ತಿಳಿಯಬಾರದು. ಗೋಡೆ ಇದೆ. ಮರದ ಮಾತು ಬಂದರೆ ಈಗಲೂ ಇಬ್ಬರ ಮುಖವೂ ಬಿಗಿಯುತ್ತದೆ. ಅಕ್ಕನ ಎದೆ ಹಾಗೇ ಇದೆ, ನನ್ನ ಬಿ.ಪಿ. ಏರುತ್ತಲೇ ಇದೆ. ಬೆಳಿಗ್ಗೆ ನಮ್ಮಲ್ಲಿ ಯಾರು ಮೊದಲು ಏಳುತ್ತಾಳೋ ಅವಳು ಮನೆ ಸುತ್ತಿ ಹೋಗಿ ಬಾಗಿಲು ತಟ್ಟುತ್ತಾಳೆ. ಆಚೆಯವಳು ತೆರೆಯುತ್ತಾಳೆ, ‘ಎದ್ದೆಯಾ’ ಎಂದರೆ ‘ಎದ್ದೆ’ ಎನ್ನುತ್ತಾಳೆ, ಕೆಲವು ದಿನ ಅಷ್ಟೇ. ಒಂದು ಬೆಳಿಗ್ಗೆ ನಮ್ಮಲ್ಲೊಬ್ಬಳು ತಟ್ಟುತ್ತಲೇ ನಿಲ್ಲಬೇಕಾಗುತ್ತದೆ, ಅದೂ ಇಬ್ಬರಿಗೂ ಗೊತ್ತು. ಆ ಸುದ್ದಿಯನ್ನು ಪೈಪಿನಿಂದ ಕೇಳುವುದಕ್ಕಿಂತ ಬಾಗಿಲಲ್ಲಿ ನೆನೆಯುತ್ತ ನಿಂತು ತಿಳಿಯುವುದೇ ಒಳ್ಳೆಯದು.