ಲಕ್ಕವ್ವ ಹಚ್ಚಿದ ದಡಿ

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಇಳಕಲ್ಲಿನ ನೇಕಾರ ಓಣಿಯಲ್ಲಿ ಲಕ್ಕವ್ವನನ್ನು ಹೊಗಳುವುದೇ ಕಷ್ಟವಾಗಿತ್ತು. ‘ನಿನ್ನ ಕೈ ಕೆಲಸ ಅಂದ್ರ ಏನವ್ವ!’ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಗೊತ್ತಿಲ್ಲದವರು ಇದನ್ನು ವಿನಯ ಎಂದರು. ವಿನಯವೂ ಅಲ್ಲ, ಮಣ್ಣೂ ಅಲ್ಲ, ಅದು ನಾಚಿಕೆ. ಅದಕ್ಕೂ ಮುಂಚೆ ಇದೇ ಲಕ್ಕವ್ವ ಹೊಗಳಿಕೆಯನ್ನು ಕೇಳಿ ಕೇಳಿ ಪಡೆಯುವ ಹೆಂಗಸಾಗಿದ್ದಳು.

ಹೊಗಳಿಸಿಕೊಳ್ಳಲು ಕಾರಣವೂ ಇತ್ತೆನ್ನಿ. ಇಳಕಲ್ ಸೀರೆಯ ಸೆರಗು ಬೇರೆ, ಒಡಲು ಬೇರೆ. ಎರಡರ ಎಳೆಗಳನ್ನು ಒಂದರಲ್ಲೊಂದು ಸಿಕ್ಕಿಸಿ ಸೇರಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಗಂಡ ಯಮನೂರಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ, ಕೊಂಡಿ ಹಾಕುವುದು ಲಕ್ಕವ್ವನ ಪಾಲು. “ಸೀರಿ ಹರದೀತು, ಲಕ್ಕವ್ವನ ಕೊಂಡಿ ಬಿಚ್ಚಂಗಿಲ್ಲ” ಎಂದು ಪಕ್ಕದ ಮನೆಯ ಮಕ್ತುಮಬಿ ನೂಲು ಸುತ್ತುತ್ತಲೇ ಸಾರುತ್ತಿದ್ದಳು. ಹೊಲಿಗೆ ಹಾಕಿದರೂ ಅದೇ ಗಟ್ಟಿ. ಹರಿದ ಕೌದಿಯನ್ನು ಓಣಿಯವರೆಲ್ಲ ಆಕೆಯ ಕೈಗೇ ತಂದು ಕೊಡುತ್ತಿದ್ದರು.

ಆಕೆಗೆ ಒಬ್ಬಳೇ ಮಗಳು, ಚಂದ್ರವ್ವ. ಆ ಕಾಲದಲ್ಲಿ ಓಣಿಯುದ್ದಕ್ಕೂ ಕೋಲು ನಿಲ್ಲಿಸಿ, ಸೀರೆಯ ಉದ್ದದೆಳೆಗಳ ಹಾಸನ್ನು ಬಿಗಿದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಹಾಸನ್ನು ದಾಟಬಾರದು, ಅದು ನೇಕಾರರಿಗೆ ಅನ್ನದ ತಟ್ಟೆಯನ್ನು ದಾಟಿದಂತೆ. ಉಳಿದ ಮಕ್ಕಳು ಸುತ್ತು ಹಾಕಿ ಹೋಗುತ್ತಿದ್ದರು. ಈ ಚಂದ್ರವ್ವನೆಂಬ ಪ್ರಾಣಿ ಮಾತ್ರ ಸಾಲಿಗೆ ತಡವಾಯಿತೆಂದು ಒಂದಾದ ಮೇಲೊಂದು ಹಾಸನ್ನು ಜಿಗಿದುಕೊಂಡೇ ಓಡುತ್ತಿದ್ದಳು. ಲಕ್ಕವ್ವ ಹಿಡಿದು ಬೆನ್ನಿಗೆ ಬಾರಿಸುತ್ತಿದ್ದಳು. ಬಾರಿಸಿದ ಮೇಲೆ ಬಗ್ಗಿ ಹಾಸು ನೋಡುತ್ತಿದ್ದಳು. ಒಂದು ಎಳೆಯೂ ಹರಿದಿರುತ್ತಿರಲಿಲ್ಲ, ಅಲುಗಿರುತ್ತಲೂ ಇರಲಿಲ್ಲ. ಆಗ ಯಾರಿಗೂ ಕಾಣದಂತೆ ಆಕೆಗೆ ನಗು ಬರುತ್ತಿತ್ತು.

ಈ ಜಿಗಿತವನ್ನು ಒಂದು ದಿನ ಸಾಲಿಯ ಆಟದ ಮಾಸ್ತರ ಗೌಸಸಾಬ ಕಂಡ. ಮೈದಾನದಲ್ಲಿ ಬಿದಿರು ಕಟ್ಟಿ ಹುಡುಗಿಯನ್ನು ಹಾರಿಸತೊಡಗಿದ. ಹುನಗುಂದದಲ್ಲಿ ಗೆದ್ದಳು, ಬಾಗಲಕೋಟೆಯಲ್ಲಿ ಗೆದ್ದಳು, ಆಮೇಲೆ ಲಕ್ಕವ್ವನಿಗೆ ಬಾಯಲ್ಲಿ ಹೊರಳದ ಹೆಸರಿನ ಊರುಗಳಲ್ಲೂ ಗೆದ್ದಳು. ಕೊನೆಗೆ ಬೇರೆ ಬೇರೆ ದೇಶಗಳ ಕಿರಿಯರೆಲ್ಲ ಸೇರುವ ದೊಡ್ಡ ಕ್ರೀಡಾಕೂಟಕ್ಕೆ, ಅಡೆತಡೆ ಓಟಕ್ಕೆ, ಆಯ್ಕೆಯಾದಳು. ಗೌಸಸಾಬ ಓಣಿಗೆಲ್ಲ ಪೇಢೆ ಹಂಚಿದ.

ಮರುದಿನ ನಾದಿನಿ ಮಾದೇವಿ ಬಂದಳು, ಮೋರೆಯಲ್ಲಿ ಸಂತೋಷ, ನಾಲಿಗೆಯಲ್ಲಿ ಮುಳ್ಳು.

“ವೈನಿ, ಚಂದ್ರಿ ಪೇಪರಿನ್ಯಾಗ ಬಂದಾಳ. ಮಾರಿ ಅಷ್ಟ ಅಲ್ಲ, ತೊಡೀನೂ ಬಂದಾವು.”

ಲಕ್ಕವ್ವ ಸಂತೆಯ ನೆಪ ಮಾಡಿ ಬಸ್‌ಸ್ಟ್ಯಾಂಡಿಗೆ ಹೋದಳು. ಚಹಾ ಅಂಗಡಿಯ ಗೋಡೆಗೆ ಪೇಪರು ಅಂಟಿಸಿದ್ದರು. ಚಿತ್ರದಲ್ಲಿ ಚಂದ್ರವ್ವ ಹಲಗೆಯ ಮೇಲೆ ಕಾಲು ಚಾಚಿ ಗಾಳಿಯಲ್ಲಿದ್ದಳು. ಮೈಮೇಲೆ ಗೇಣುದ್ದದ ಚಡ್ಡಿ. ಬಸಿಯಲ್ಲಿ ಚಹಾ ಸುರಿದುಕೊಂಡವನೊಬ್ಬ, “ಯಮನೂರಪ್ಪನ ಮಗಳಲೇ ಇಕಿ, ನೋಡೋ ಇಲ್ಲೆ” ಎಂದು ಇನ್ನೊಬ್ಬನನ್ನು ಕರೆದ. ಅವನ ದನಿಯಲ್ಲಿ ಕೇಡೇನೂ ಇರಲಿಲ್ಲ, ಹೆಮ್ಮೆಯೇ ಇತ್ತು. ಆದರೆ ಲಕ್ಕವ್ವನಿಗೆ ತನ್ನನ್ನೇ ಬಜಾರದಲ್ಲಿ ಬತ್ತಲೆ ನಿಲ್ಲಿಸಿದಂತಾಯಿತು. ಮುಖದ ಮೇಲೆ ಸೆರಗೆಳೆದುಕೊಂಡು ಹಿತ್ತಲ ಸಂದಿಗಳಿಂದ ಮನೆ ಸೇರಿದಳು.

“ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ” ಎಂದು ಗಂಡನ ಮುಂದೆ ಅತ್ತಳು.

“ಮಾನ ಹೋಗಾಕ ಆಕಿ ಏನ್ ಕಳವು ಮಾಡ್ಯಾಳ?” ಎಂದ ಯಮನೂರಪ್ಪ. ಅಷ್ಟು ಹೇಳಿ ಲಾಳಿ ಕೈಗೆತ್ತಿಕೊಂಡ. ಹೆಂಡತಿಯ ಅಳು ಕೇಳಬಾರದೆನಿಸಿದಾಗ ಅವನು ಮಗ್ಗವನ್ನು ಜೋರಾಗಿ ಬಡಿಯುತ್ತಿದ್ದ.

ಪರದೇಶಕ್ಕೆ ಹೊರಡುವ ಮುಂಚೆ ಚಂದ್ರವ್ವ ಊರಿಗೆ ಬಂದಳು. ದೇಶದ ಹೆಸರು ಬರೆದ ಅಂಗಿ ಚಡ್ಡಿಯನ್ನು ಅವ್ವನ ತೊಡೆಯ ಮೇಲೆ ಹರವಿ ತೋರಿಸಿದಳು. ಲಕ್ಕವ್ವ ಚಡ್ಡಿಯನ್ನು ಎತ್ತಿ ಹಿಡಿದಳು.

“ಉಳದದ್ದು ಎಲ್ಲಿ?”

“ಇಷ್ಟ ಇರೂದು ಬೇ. ಎಲ್ಲಾರೂ ಇದನ್ನ ಹಾಕ್ಕೋತಾರ.”

“ಎಲ್ಲಾರಿಗೂ ಅವ್ವ ಇಲ್ಲೇನು?”

ಲಕ್ಕವ್ವ ಮಗಳನ್ನು ನೆಟ್ಟಗೆ ನಿಲ್ಲಿಸಿ ತೊಡೆಯಿಂದ ಮೊಣಕಾಲಿನವರೆಗೆ ದಾರದಿಂದ ಅಳತೆ ತೆಗೆದಳು. ನೇಯ್ದು ಉಳಿದ ತುಂಡಿನಿಂದ ಕೆಂಪು ದಡಿಯನ್ನು ಕತ್ತರಿಸಿ, ಸೀರೆಯ ಗಟ್ಟಿ ಅಂಚೇ ಈ ದಡಿ ನೋಡಿ, ಅದನ್ನು ಚಡ್ಡಿಯ ಎರಡೂ ಕಾಲುಗಳಿಗೆ ಸುತ್ತಲೂ ಜೋಡಿಸಿದಳು. ದಾರಕ್ಕೆ ಮೇಣ ತಿಕ್ಕಿ, ಎರಡೆಳೆ ಮಾಡಿ, ಹೋದ ದಾರಿಯಲ್ಲೇ ತಿರುಗಿ ಬಂದು ಹೊಲಿದಳು. ಹೊಲಿಯುವಾಗ ಆಕೆಗೆ ಎಷ್ಟು ಸಮಾಧಾನವಾಯಿತೆಂದರೆ, ಮೂಗಿನಲ್ಲೇ ಹಾಡು ಗುನುಗಿದಳು.

ಚಂದ್ರವ್ವ ತೊಟ್ಟು ಕಾಲೆತ್ತಿ ನೋಡಿದಳು. “ಹಿಡೀತೈತಿ ಬೇ.”

“ಹೊಸಾದ್ದು ಹಿಡಿಯೂದ. ಒಗದ ಮ್ಯಾಲ ಸರಿ ಹೋಗತೈತಿ.”

ಮೂರ್ಖತನ ಎಂದರೆ ಇದೇ. ಜೀವಮಾನವೆಲ್ಲ ದಡಿ ನೇಯ್ದ ಮನೆಯವಳಿಗೆ ದಡಿ ಜಗ್ಗುವುದಿಲ್ಲ, ಹಿಗ್ಗುವುದಿಲ್ಲ ಎಂಬುದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಅದೇ ಆಕೆಯ ಹೆಮ್ಮೆ. ಆಕೆ ನಿಂತ ಕಾಲಿಗೆ ಅಳತೆ ತೆಗೆದಿದ್ದಳು, ಹಾರುವ ಕಾಲಿಗಲ್ಲ.

ಬಾದಾಮಿಯಲ್ಲಿ ರೈಲು ಹತ್ತಿಸುವ ಮುಂಚೆ ಬನಶಂಕರಿಗೆ ಕಾಯಿ ಒಡೆಸಿದಳು. ಅಲ್ಲೇ ದೇವಿಯ ಎದುರಿನಲ್ಲಿ ಮಗಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, ದಡಿ ಬಿಚ್ಚುವುದಿಲ್ಲವೆಂದು ಆಣೆ ಮಾಡಿಸಿದಳು. ಚಂದ್ರವ್ವ ಮಾಡಿದಳು.

ಸುದ್ದಿ ತಂದವನು ಗೌಸಸಾಬ. ಕಟ್ಟೆಯ ಮೇಲೆ ಕೂತ, ಟೋಪಿ ತೆಗೆದು ಮತ್ತೆ ಹಾಕಿಕೊಂಡ.

“ಮುಂಜಾನಿ ಓಟದಾಗ ಮುಂದ ಹೋದ್ಲಂತ್ರಿ. ಸಂಜೀ ಫೈನಲಿನ್ಯಾಗೂ ಎಲ್ಲಾರಗಿಂತ ಮುಂದ ಇದ್ಲಂತ. ಕಡೀ ಹಲಗಿಗೆ ಕಾಲು ಸಿಕ್ಕು ಬಿದ್ಲಂತ. ಎದ್ದು ಓಡೂದರಾಗ ಎಲ್ಲಾರೂ ಹೋಗಿಬಿಟ್ಟಿದ್ರು.”

ಕುಂಬಾರನ ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಯಾರು ಮುಚ್ಚಬೇಕು? ಪೇಢೆ ತಿಂದ ಬಾಯಿಗಳೇ ಈಗ, “ನಡಿಯಾಕ ಬರದಾಕಿ ಹಾರಾಕ ಹೋಗಿದ್ಲಂತ” ಎಂದು ನಕ್ಕವು. ಚಂದ್ರವ್ವ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಬಸ್ಸಿಳಿದು ಮನೆಗೆ ಬಂದಾಗ ಬಾಗಿಲಲ್ಲಿ ನೆರೆಹೊರೆಯೆಲ್ಲ ಸೇರಿತ್ತು. ಎಲ್ಲರ ಮುಂದೆ ತನ್ನ ಮಾನ ಉಳಿಸಿಕೊಳ್ಳಬೇಕೆಂಬ ಹಟಕ್ಕೆ ಬಿದ್ದು ಲಕ್ಕವ್ವ ಅಂದುಬಿಟ್ಟಳು:

“ಇಷ್ಟಕ್ಕ ತೊಡಿ ತೋರಿಸಿ ಬಂದ್ಯೇನು?”

ಚಂದ್ರವ್ವ ಅವ್ವನ ಮುಖವನ್ನು ಒಂದು ಸಲ ನೋಡಿದಳು. “ಕಾಲು ತಪ್ಪಿತು ಬೇ” ಎಂದಷ್ಟೇ ಹೇಳಿ ಒಳಗೆ ಹೋಗಿ ಕೈಕಾಲು ತೊಳೆದುಕೊಂಡಳು. ಮತ್ತೆ ಆಕೆ ಓಟಕ್ಕೆ ಇಳಿಯಲಿಲ್ಲ. ಆಟದ ತರಬೇತಿ ಮುಗಿಸಿ ಬಾದಾಮಿಯ ಒಂದು ಸಾಲಿಯಲ್ಲಿ ಆಟದ ಅಕ್ಕೋರಾದಳು.

ಮಗಳು ಹಿಡಿದ ಬಾಡಿಗೆ ಕೋಣೆಯನ್ನು ಹೊಂದಿಸಿಕೊಡಲು ಲಕ್ಕವ್ವ ಬಾದಾಮಿಗೆ ಹೋದಳು. ಚಂದ್ರವ್ವ ಕೊಡ ಹಿಡಿದು ನೀರಿಗೆ ಹೋದಾಗ ಟ್ರಂಕಿನ ಬಟ್ಟೆಗಳನ್ನು ತೆಗೆದು ಮಡಚತೊಡಗಿದಳು. ತಳದಲ್ಲಿ ಆ ಚಡ್ಡಿ ಇತ್ತು. ಒಗೆದು ಮಡಚಿಟ್ಟಿತ್ತು. ಲಕ್ಕವ್ವ ಅದನ್ನು ಬೆಳಕಿಗೆ ಹಿಡಿದಳು.

ಬಲಗಾಲಿನ ದಡಿಯ ಮೇಲೆ ಹಲಗೆಯ ಬಿಳಿ ಬಣ್ಣ ಉದ್ದಕ್ಕೆ ಮೆತ್ತಿಕೊಂಡಿತ್ತು, ಒಗೆದರೂ ಹೋಗಿರಲಿಲ್ಲ. ಆ ಜಾಗದಲ್ಲಿ ಎಳೆಗಳೆಲ್ಲ ಒಂದೇ ಕಡೆಗೆ ಜಗ್ಗಿ ನೆರಿಗೆಯಾಗಿದ್ದವು. ಬಟ್ಟೆ ಎಲ್ಲಿ ಸಿಕ್ಕಿತು, ಯಾವ ಕಡೆಗೆ ಎಳೆಯಿತು ಎಂಬುದನ್ನು ಯಾರೂ ಆಕೆಗೆ ಹೇಳಿಕೊಡಬೇಕಾಗಿರಲಿಲ್ಲ. ಕಾಲು ತಪ್ಪಿರಲಿಲ್ಲ. ಎತ್ತಿದ ಕಾಲನ್ನು ದಡಿ ಹಿಡಿದಿತ್ತು. ದಡಿ ಹರಿದಿದ್ದರೆ ಮಗಳು ದಾಟುತ್ತಿದ್ದಳು. ಹರಿದಿರಲಿಲ್ಲ. ಓಣಿಯ ಹಾಸುಗಳನ್ನೆಲ್ಲ ಹಾರಿ ಒಂದು ಎಳೆಯನ್ನೂ ಮುಟ್ಟದ ಹುಡುಗಿ ಅವ್ವ ಹಚ್ಚಿದ ಎಳೆಗೆ ಸಿಕ್ಕು ಬಿದ್ದಿದ್ದಳು. ಅಂಥವಳಿಗೆ ಬಾಗಿಲಲ್ಲಿ ನಿಂತು ತಾನು ಅಂದ ಮಾತು ಲಕ್ಕವ್ವನ ಕಿವಿಗೆ ತಿರುಗಿ ಬಂತು. ಆಕೆಗೆ ನೆಲಕ್ಕೆ ಇಳಿದುಹೋಗಬೇಕೆನಿಸಿತು.

ಚಂದ್ರವ್ವ ಕೊಡ ಇಳಿಸಿದಳು. ಅವ್ವನ ಕೈಯಲ್ಲಿದ್ದುದನ್ನು ನೋಡಿದಳು.

“ನನಗ ಯಾಕ ಹೇಳಲಿಲ್ಲ ನೀ?”

“ಓಣ್ಯಾಗ ನಿನ್ನ ಕೈಗೆ ಹೆಸರ ಐತಲ್ಲ ಬೇ. ಹೇಳಿದ್ರ ಏನ ಬರ್ತಿತ್ತು?”

“ಆಣಿ ಮಾಡಿಸಿದಾಕಿ ನಾ. ಪಾಪ ಬಂದಿದ್ರ ನನಗ ಬರ್ತಿತ್ತು. ಬಿಚ್ಚಿ ಬಿಸಾಕಬೇಕಿತ್ತಲ್ಲ ನಮ್ಮವ್ವಾ!” ಎಂದು ಲಕ್ಕವ್ವ ಹಣೆ ಬಡಿದುಕೊಂಡಳು.

ಚಂದ್ರವ್ವ ಪಕ್ಕಕ್ಕೆ ಬಂದು ಕೂತಳು. ಅವ್ವನ ಕೈಯಿಂದ ಚಡ್ಡಿಯನ್ನು ಮೆಲ್ಲಗೆ ತೆಗೆದುಕೊಂಡು ಹೊಲಿಗೆಯ ಒಂದು ಕಡೆ ತೋರಿಸಿದಳು. ಅಲ್ಲಿ ಬಟ್ಟೆ ಜೂಲು ಎದ್ದಿತ್ತು, ಹಲ್ಲಿನ ಗುರುತಿತ್ತು.

“ಮುಂಜಾನಿ ಓಟದಾಗನ ತಿಳೀತು ಬೇ, ಇದು ಹಿಡೀತೈತಿ ಅಂತ. ಸಂಜೀಕ ಆಣಿ ಗೀಣಿ ಎಲ್ಲಾ ಬಿಟ್ಟು ಬಿಚ್ಚಾಕ ಕುಂತೆ. ನಮ್ಮವರು ಯಾರೂ ಹತ್ರ ಇರಲಿಲ್ಲ, ಕತ್ರಿ ಕೇಳಿದ್ರ ಅಲ್ಲಿದ್ದವರಿಗೆ ನನ್ನ ಮಾತು ತಿಳೀಲಿಲ್ಲ. ಉಗುರು ಹಚ್ಚಿದೆ, ಹಲ್ಲು ಹಚ್ಚಿದೆ. ಅಷ್ಟರಾಗ ಕರದ್ರು.” ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಹಳೆಯ ದಣಿವಷ್ಟೇ ಇತ್ತು. “ನಿನ್ನ ಹೊಲಿಗಿ ಬೇ. ಬಿಚ್ಚಲಿಲ್ಲ.”

ಲಕ್ಕವ್ವ ಮರುದಿನ ಇಳಕಲ್ಲಿಗೆ ಬಂದಳು. ಮಗ್ಗದ ಮೇಲೆ ಹೊಸ ಸೀರೆಗೆ ಕೊಂಡಿ ಹಾಕುವುದು ಬಾಕಿ ಇತ್ತು. ಕೂತು ಹಾಕತೊಡಗಿದಳು, ಹೊಟ್ಟೆ ಕೇಳಬೇಕಲ್ಲ. ಮಕ್ತುಮಬಿ ಹೊಸ್ತಿಲಲ್ಲಿ ಇಣುಕಿ, ಎಂದಿನಂತೆ, ಪ್ರೀತಿಯಿಂದಲೇ ಅಂದಳು:

“ಹಾಕವ್ವಾ ಹಾಕು. ನೀ ಹಾಕಿದ್ದು ದೇವರ ಬಂದ್ರೂ ಬಿಚ್ಚಂಗಿಲ್ಲ.”

ಲಕ್ಕವ್ವನ ಕೈ ಎಳೆಯ ಮೇಲೆಯೇ ನಿಂತಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಒಳಗೆ ಹೋದಳು.