ನಡುಮನೆಯ ಕ್ಯಾಮೆರಾ

ನಮ್ಮ ಯಜಮಾನರ ಕೆಲಸ ತಿರುವನಂತಪುರದ ಹತ್ತಿರ, ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ. ನಾನು ಬ್ಯಾಂಕಿನ ಕೆಲಸಕ್ಕಾಗಿ ಕೊಚ್ಚಿಯ ಕಲೂರಿನಲ್ಲಿ ಅಮ್ಮನ ಜೊತೆ ಇದ್ದೇನೆ. ಶನಿವಾರ ರೈಲು ಹತ್ತಿ ಬರುವ ಮಹಾಶಯರು ಸುಮ್ಮನೆ ಕೂರುವವರಲ್ಲ. ಫ್ಯಾನು, ದೀಪ, ಗೀಸರ್ ಎಲ್ಲವನ್ನೂ ಫೋನಿಗೆ ಜೋಡಿಸಿದರು. ಗೋಡೆಯ ಮೇಲೆ ಸ್ವಿಚ್ಚಿದ್ದರೂ ಅದನ್ನು ಒತ್ತಲು ಅಮ್ಮ ನನ್ನ ಮುಖ ನೋಡುವಂತಾಯಿತು.

ನಮ್ಮ ಓಣಿಯ ಮನೆಗಳಿಗೆಲ್ಲ ಸೇರಿ ಒಂದೇ ಇಂಟರ್‌ನೆಟ್. ರೆಸಿಡೆಂಟ್ಸ್ ಅಸೋಸಿಯೇಷನ್ನಿನ ಏರ್ಪಾಡು. ಪ್ರತಿ ಗೇಟಿಗೂ ಒಂದು ಕ್ಯಾಮೆರಾ, ಎಲ್ಲಕ್ಕೂ ಸೇರಿ ಒಂದೇ ಅಕೌಂಟು; ಯಾರ ಗೇಟಿನ ಮುಂದೆ ಯಾರು ನಿಂತರೂ ಓಣಿಯ ಎಲ್ಲರ ಫೋನಿನಲ್ಲೂ ಕಾಣುತ್ತದೆ. ಮನೆಯಲ್ಲಿದ್ದವರು ಇಲ್ಲದವರ ಪಾರ್ಸೆಲ್ ತೆಗೆದಿಟ್ಟುಕೊಳ್ಳುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಒಳ್ಳೆಯ ಪದ್ಧತಿಯೇ.

ಒಮ್ಮೆ ಅಮ್ಮ ನಡುಮನೆಯಲ್ಲಿ ಮುಗ್ಗರಿಸಿದರು. ಪೆಟ್ಟೇನೂ ಆಗಲಿಲ್ಲ. ಮುಂದಿನ ಶನಿವಾರವೇ ಅಲ್ಲಿನ ಮೂಲೆಯಲ್ಲೊಂದು ಕ್ಯಾಮೆರಾ ಬಂದು ಕೂತಿತು.

"ಅತ್ತೆ ಬಿದ್ರೆ ನಂಗೆ ಅಲ್ಲೇ ಗೊತ್ತಾಗತ್ತೆ" ಎಂದರು ಇವರು. ಅತ್ತೆಯನ್ನು ಒಂದು ಮಾತು ಕೇಳಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಎದುರುಮನೆಯ ಚೇಚಿ, ಅಂದರೆ ಇಲ್ಲಿಯ ಮಾತಿನಲ್ಲಿ ಅಕ್ಕ, ತೈಲದ ಬಾಟಲಿ ಹಿಡಿದು ಬಂದರು. ಅಮ್ಮ ಮಧ್ಯಾಹ್ನ ಮಂಡಿಗೆ ಹಚ್ಚಿಕೊಳ್ಳುವ ಎಣ್ಣೆ ಸಾಲದು, ಇದನ್ನು ಬಿಸಿ ಮಾಡಿ ತೊಡೆಯವರೆಗೂ ತಿಕ್ಕಬೇಕು ಎಂದು ಮಲಯಾಳದಲ್ಲಿ ಅಕ್ಕರೆಯಿಂದ ಹೇಳಿದರು. ಮಧ್ಯಾಹ್ನ ಮನೆಯಲ್ಲಿ ಅಮ್ಮನೊಬ್ಬರೇ ಇರುವುದು. ಅವರು ಎಣ್ಣೆ ಹಚ್ಚಿಕೊಳ್ಳುವುದನ್ನು ನಾನೇ ನೋಡಿಲ್ಲ. ನಿಮಗೆ ಹೇಗೆ ಗೊತ್ತು ಎಂದೆ.

"ಫೋನಿಲ್ ಕಾಣಾಮಲ್ಲೋ!" ಎಂದು ಚೇಚಿ ಫೋನು ತಿರುಗಿಸಿದರು. ಕಾಣುತ್ತಲೇ ಇತ್ತು. ನಮ್ಮ ದಿವಾನ, ದಿವಾನದ ಮೇಲೆ ಅಮ್ಮ, ಪಕ್ಕದಲ್ಲಿ ಪೆಚ್ಚಾಗಿ ನಿಂತ ನಾನು. ಅಮ್ಮನೂ ಬಗ್ಗಿ ನೋಡಿದರು. ಸೀರೆ ಪಾದದವರೆಗೂ ಇತ್ತು, ಆದರೂ ಎರಡೂ ಕೈಯಲ್ಲಿ ಕೆಳಗೆಳೆದುಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ಚೇಚಿಯ ಮೇಲಲ್ಲ, ಆಕೆ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಕಂಡೂ ಬಾಯಿ ಬಿಡದವರು ಓಣಿಯಲ್ಲಿ ಎಷ್ಟು ಜನರೋ. ಆಕೆ ಹೋದ ಕೂಡಲೇ ಇವರಿಗೆ ಫೋನ್ ಮಾಡಿದೆ.

"ಗೇಟಿನ ಅಕೌಂಟಿಗೇ ಸೇರಿಸಿಬಿಟ್ಟಿದ್ದೆ ಕಣೇ. ಬೇರೆ ಮಾಡಕ್ಕೆ ಟೈಮ್ ಇರ್ಲಿಲ್ಲ."

"ನಿಮ್ಮಮ್ಮ ಆಗಿದ್ರೆ ಟೈಮ್ ಸಿಕ್ತಿತ್ತಾ ರೀ?"

"ಅದ್ಯಾಕಿಷ್ಟು ರಂಪ? ವಯಸ್ಸಾದೋರು, ಯಾರೇನು ನೋಡ್ತಾರೆ? ಈಗ್ಲೇ ಸರಿ ಮಾಡ್ತೀನಿ, ಎರಡು ನಿಮಿಷದ ಕೆಲ್ಸ."

ಎರಡು ನಿಮಿಷದ ಕೆಲಸವಂತೆ! ಅಷ್ಟು ಮಾಡಲಾಗದ್ದಕ್ಕೆ ನನ್ನ ಅಮ್ಮ ಓಣಿಯ ಗಂಡಸರೆಲ್ಲರ ಜೇಬಿನಲ್ಲಿ ಮಂಡಿ ಬಿಟ್ಟುಕೊಂಡು ಕೂತಿದ್ದರು. ವಯಸ್ಸಾದರೆ ನಾಚಿಕೆಯೂ ರಿಟೈರಾಗುತ್ತದೆ ಎಂದು ಇವರಿಗೆ ಯಾರು ಹೇಳಿಕೊಟ್ಟರೋ. ಸ್ಟೂಲು ಹತ್ತಿ ಕ್ಯಾಮೆರಾ ಕಿತ್ತೆಸೆದೆ. ಗೋಡೆಯ ಸುಣ್ಣವೂ ಕಿತ್ತು ಬಂತು.

ಇವರು ಆಮೇಲೆ ಅಮ್ಮನ ಕ್ಷಮೆ ಕೇಳಿದರು. ಅಮ್ಮ ಹೋಗಲಿ ಬಿಡಿ ಎಂದರು. ಆದರೆ ನಡುಮನೆಯಲ್ಲಿ ಕೂರುವುದನ್ನೇ ಬಿಟ್ಟರು. ಕ್ಯಾಮೆರಾ ಇಲ್ಲಮ್ಮ ಎಂದು ಬರಿಗೋಡೆ ತೋರಿಸಿದರೆ ತಲೆಯಾಡಿಸುತ್ತಾರೆ, ಅಷ್ಟೇ. ಬೀಳಬಾರದೆಂದು ನಾವು ಕಾವಲಿಟ್ಟ ಹೆಂಗಸು ಈಗ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಚ್ಚಲುಮನೆಯಲ್ಲಿ, ಒದ್ದೆ ನೆಲದ ಮೇಲೆ ನಿಂತು, ಒಳಗಿನಿಂದ ಚಿಲಕ ಹಾಕಿಕೊಂಡು.