ತಮ್ಮನ ಬಲೆ, ಅಣ್ಣನ ಕತ್ತರಿ

ಮೀನಿನ ಬಲೆ ಹೆಣೆಯುವ ಆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಹೊಸ ಬಲೆ ಬೇಕಾದವರು ತಮ್ಮನನ್ನು ಹುಡುಕಿಕೊಂಡು ಬರುತ್ತಿದ್ದರು, ಹರಿದದ್ದನ್ನು ಹೊಲಿಸಬೇಕಾದವರು ಅಣ್ಣನನ್ನು. ಹೀಗಾಗಿ ಅಣ್ಣನಿಗೆ ತೇಪೆಯಣ್ಣ ಎಂಬ ಹೆಸರೇ ಬಿದ್ದಿತ್ತು. ತಮ್ಮನಿಗೆ ಯಾರೂ ಅಡ್ಡಹೆಸರು ಇಟ್ಟಿರಲಿಲ್ಲ. ತೇಪೆಯಣ್ಣನ ಹೊಟ್ಟೆ ಉರಿಯಲು ಅದೂ ಒಂದು ಕಾರಣ.

ತಮ್ಮನ ಕೈಹಿಡಿದು ಗಂಟು ಹಾಕಲು ಕಲಿಸಿದವನು ಇವನೇ. ಈಗ ಬಂದವರೆಲ್ಲ ಹೊಸಿಲಲ್ಲೇ ನಿಂತು "ತಮ್ಮ ಇಲ್ವಾ?" ಎನ್ನುತ್ತಿದ್ದರು. "ನಾನೇನು ಗೋಡೆನಾ?" ಎಂದು ಇವನು ಗುರುಗುಟ್ಟುತ್ತಿದ್ದ. ಮನೆಯಲ್ಲೂ ಅದೇ ಕಥೆ. ತಮ್ಮನ ಬೆರಳು ನೋಯುತ್ತದೆಂದು ತಾಯಿ ಎಣ್ಣೆ ಬಿಸಿಮಾಡುವಳು. ಇವನ ಬೆರಳೇನು ಮರದ್ದೇ?

ಆ ಸಲ ತಮ್ಮ ಹೆಣೆದ ಬಲೆ ನೋಡಿ ಬೀದಿಗೆ ಬೀದಿಯೇ ಬಾಯಿಬಿಟ್ಟಿತ್ತು. ಯಾರೂ ಇಲ್ಲದಾಗ ತೇಪೆಯಣ್ಣ ಅದರಲ್ಲಿ ಒಂದು ತಪ್ಪಾದರೂ ಸಿಕ್ಕೀತೇ ಎಂದು ಹುಡುಕಿ, ಸಿಗದೆ, ಊಟ ಬಿಟ್ಟು ಮಲಗಿದ.

ಹೊಸ ಬಲೆಯನ್ನು ಗಿರಾಕಿಗೆ ಕೊಡುವ ಮುಂಚೆ ಒಂದು ರಾತ್ರಿ ಹೊಳೆಯಲ್ಲಿ ನೆನೆಹಾಕುವುದು ಅವರ ರೂಢಿ. ನೂಲು ನೀರು ಕುಡಿದರೆ ಗಂಟು ಬಿಗಿಯುತ್ತದೆ. ಬೆಳಿಗ್ಗೆ ತೇಪೆಯಣ್ಣ ಮುಖ ತೊಳೆಯಲು ಹೊಳೆಗೆ ಹೋದರೆ, ನೆನೆಹಾಕಿದ್ದ ಬಲೆಯ ಕೆಳಗಿನ ಅಂಚಿನಲ್ಲಿ ಒಂದು ನೀರುನಾಯಿ ಸಿಕ್ಕಿಕೊಂಡಿತ್ತು. ಕುತ್ತಿಗೆಗೆ ನೂಲು ಬಿಗಿದಿತ್ತು. ಮೂಗು ಮೇಲೆ ಬರುತ್ತಿತ್ತು, ಮುಳುಗುತ್ತಿತ್ತು.

"ಅಯ್ಯೋ ಕಂದಾ!" ಎಂದು ನೀರಿಗಿಳಿದ. ಗಂಟು ಬಿಚ್ಚಲು ಹೆಣಗಾಡಿದ. ತಮ್ಮನ ಗಂಟು, ಅದರಲ್ಲೂ ನೆನೆದದ್ದು, ಬಿಚ್ಚುವುದುಂಟೇ? ಸೊಂಟದಲ್ಲಿ ಕತ್ತರಿ ಇತ್ತು. ಆದರೆ ಊರು ಏನಂದೀತು? ಹೊಟ್ಟೆಕಿಚ್ಚಿನ ಅಣ್ಣ ತಮ್ಮನ ಬಲೆ ಹಾಳುಮಾಡಿದ ಎಂದೇ ಅಂದೀತು. ನೀರುನಾಯಿಯೇನು ಸಾಕ್ಷಿ ಹೇಳಲು ನಿಲ್ಲುತ್ತದೆಯೇ? ಅಷ್ಟರಲ್ಲಿ ಮೂಗು ಮತ್ತೆ ಮುಳುಗಿತು. ಊರು ಹಾಳಾಗಲಿ ಎಂದು ಕತ್ತರಿಸಿಯೇಬಿಟ್ಟ. ಪ್ರಾಣಿ ಅವನ ಕೈಯನ್ನೇ ಕಚ್ಚಿ ನೀರಲ್ಲಿ ಮಾಯವಾಯಿತು. ಕಚ್ಚಿಸಿಕೊಂಡರೂ ಅವನಿಗೆ ಖುಷಿಯೇ ಆಯಿತು.

ಅಷ್ಟಕ್ಕೇ ನಿಲ್ಲಬೇಕಿತ್ತು. ಹೇಗೂ ಬೈಗುಳ ತಪ್ಪಿದ್ದಲ್ಲ, ಕತ್ತರಿ ಇನ್ನೂ ಕೈಯಲ್ಲೇ ಇತ್ತು. ನೀರುನಾಯಿ ಸುಳಿಯದ ಮೇಲಂಚಿಗೆ ಹೋಗಿ, ತಮ್ಮ ಆಸೆಪಟ್ಟು ಹೆಣೆದಿದ್ದ ಸಾಲನ್ನು ಕಚಕ್ಕನೆ ಕತ್ತರಿಸಿದ. ಎದೆ ತಣ್ಣಗಾಯಿತು. ದಂಡೆ ಹತ್ತುವಷ್ಟರಲ್ಲಿ ಆ ತಂಪೆಲ್ಲ ಇಳಿದುಹೋಗಿತ್ತು.

ತಮ್ಮನೂ ಗಿರಾಕಿಯೂ ಬಂದರು. ತೇಪೆಯಣ್ಣ ನೀರುನಾಯಿಯ ವಿಷಯ ಹೇಳಿದ.

"ಹೊಟ್ಟೆಕಿಚ್ಚಿಗೆ ಒಳ್ಳೇ ನೆಪ!" ಎಂದ ಗಿರಾಕಿ.

ತಮ್ಮ ಬಲೆಯನ್ನು ಎಳೆದುಕೊಂಡು ಕೆಳಗಿನ ಹರಕನ್ನು ತಡವಿದ. ನೂಲಿಗೆ ಅಂಟಿದ್ದ ಕಂದು ಕೂದಲನ್ನು ಎತ್ತಿ ತೋರಿಸಿದ. "ಬಾಯಿಗೆ ಬಂದಂಗೆ ಮಾತಾಡ್ಬೇಡಿ. ನಮ್ಮಣ್ಣ ಒಂದು ಜೀವ ಉಳಿಸಿದಾನೆ. ಕೈಯಲ್ಲಿ ರಕ್ತ ಕಾಣಲ್ವಾ?"

ಗಿರಾಕಿ ತಲೆ ತಗ್ಗಿಸಿದ. ಆಗ ತಮ್ಮನ ಬೆರಳು ಮೇಲಂಚಿಗೆ ಬಂದು ನಿಂತಿತು. ಅಣ್ಣನ ಮುಖ ನೋಡಿದ. ಆ ಭಾಗವನ್ನು ಒಳಮಡಿಕೆಗೆ ಹಾಕಿದ.

"ಕೆಳಗಿಂದು ನೀನು ಹೊಲಿ ಅಣ್ಣ," ಎಂದ ಮೆಲ್ಲಗೆ. "ಮೇಲಿಂದು ನಾನು ನೋಡ್ಕೋತೀನಿ. ಅಮ್ಮಂಗೂ ಗೊತ್ತಾಗಲ್ಲ."

ಒಳ್ಳೆಯತನದಲ್ಲೂ ತಮ್ಮನೇ ಮುಂದೆ ಎಂದು ತೇಪೆಯಣ್ಣನ ಮೈಯೆಲ್ಲ ಉರಿಯಿತು.

"ಬೈಯೋ," ಎಂದ. "ನಿಂಗೆ ಕೈ ಮುಗಿತೀನಿ, ಒಂದ್ಸಲ ಬೈಯೋ."

ತಮ್ಮ ಆಗಲೇ ಬಲೆಯನ್ನು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದಿದ್ದ.